ಗಾಳಿ ತೂಗುವ ಗಡಿಯಾರ

ಎತ್ತರ ತೋರಿಸುವ ಸ್ಪೋರ್ಟ್ಸ್ ವಾಚನ್ನು ರಾತ್ರಿ ಬಿಚ್ಚಿ ಮೇಜಿನ ಮೇಲಿಟ್ಟರೆ, ಅದರ ಲೆಕ್ಕದಲ್ಲಿ ಅದು ಬೆಳಗಾಗುವಷ್ಟರಲ್ಲಿ 40 ಮೀಟರ್ ಮೇಲೇರಿ ಕೂತಿರುತ್ತದೆ. ಮನೆ ಕದಲಿಲ್ಲ, ಮೇಜೂ ಕದಲಿಲ್ಲ. ಸೆನ್ಸರ್ ಹಾಳಾಗಿದೆ ಎಂದು ಸರ್ವಿಸ್‌ಗೆ ಒಯ್ಯುವವರು ಬಹಳ ಮಂದಿ. ಪಾಪ, ಸೆನ್ಸರಿನ ತಪ್ಪೇನೂ ಇಲ್ಲ. ರಾತ್ರಿ ಕಳೆಯುವಷ್ಟರಲ್ಲಿ ವಾಯುಭಾರ, ಅಂದರೆ ಗಾಳಿಯ ಒತ್ತಡ, 5 ಹೆಕ್ಟೋಪ್ಯಾಸ್ಕಲ್‌ನಷ್ಟು (ಒತ್ತಡ ಅಳೆಯುವ ಮಾನ) ಇಳಿದಿದೆ, ವಾಚು ಅದನ್ನು ಚಾಚೂ ತಪ್ಪದೆ ಒಪ್ಪಿಸಿದೆ.

ಈ ವಾಚಿಗೆ ಎತ್ತರ ಎಂದರೇನೆಂದೇ ಗೊತ್ತಿಲ್ಲ. ತನ್ನ ಮೇಲೆ ಎಷ್ಟು ಗಾಳಿ ಹೇರಿದೆ ಎಂಬುದಷ್ಟೇ ಗೊತ್ತು. ಹತ್ತಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದರೆ ತಳದ್ದು ಅಪ್ಪಚ್ಚಿಯಾಗುತ್ತದೆ, ತುದಿಯದು ಉಬ್ಬಿಕೊಂಡೇ ಇರುತ್ತದೆ. ಗಾಳಿಯೂ ಹಾಗೆಯೇ. ಸಮುದ್ರಮಟ್ಟದ ಬಳಿ ಸುಮಾರು 8.3 ಮೀಟರ್ ಏರಿದರೆ 1 ಹೆಕ್ಟೋಪ್ಯಾಸ್ಕಲ್ ಕಡಿಮೆಯಾಗುತ್ತದೆ. 3000 ಮೀಟರ್ ಎತ್ತರದಲ್ಲಿ ಅಷ್ಟೇ ಇಳಿಕೆಗೆ 11 ಮೀಟರ್ ಏರಬೇಕು. 5500 ಮೀಟರ್ ಮುಟ್ಟುವಷ್ಟರಲ್ಲಿ ವಾಯುಮಂಡಲದ ಅರ್ಧ ತೂಕ ಕಾಲ ಕೆಳಗೆ ಉಳಿದಿರುತ್ತದೆ. ವಾಚಿನೊಳಗೆ ಕೂದಲಿಗಿಂತ ತೆಳುವಾದ ಸಿಲಿಕಾನ್ ಪೊರೆ, ಅದರ ಹಿಂದೆ ಗಾಳಿ ತೆಗೆದು ಮುಚ್ಚಿದ ಪುಟ್ಟ ಗೂಡು. ಡೋಲಿನ ಚರ್ಮವನ್ನು ಹೊರಗಿನಿಂದ ಅದುಮಿದಂತೆ ಗಾಳಿ ಅದನ್ನು ಅದುಮುತ್ತದೆ. ಪೊರೆ ಬಾಗಿದಷ್ಟೂ ಅದರ ವಿದ್ಯುತ್ ರೋಧ ಬದಲಾಗುತ್ತದೆ. ನೆಲದ ಮೇಲಿದ್ದ ವಾಚನ್ನು ತಲೆಯ ಮೇಲೆ ಎತ್ತಿ ಹಿಡಿದರೆ ಆ ವ್ಯತ್ಯಾಸವೂ ಅದಕ್ಕೆ ಸಿಗುತ್ತದೆ! ಇಷ್ಟು ಸೂಕ್ಷ್ಮದ ತಕ್ಕಡಿಗೆ ಒಂದೇ ಒಂದು ಸಂಗತಿ ಕಾಣುವುದಿಲ್ಲ. ಹೊರೆ ಇಳಿದದ್ದು ತಾನು ಮೇಲೇರಿದ್ದರಿಂದಲೋ, ಮೇಲಿನ ಗಾಳಿಯೇ ಹಗುರಾದದ್ದರಿಂದಲೋ ಎಂಬುದು.

ಈ ತೊಡಕನ್ನು 1648ರಲ್ಲೇ ಬಹಳ ಸೊಗಸಾಗಿ ಬಿಡಿಸಿದ್ದರು. ಫ್ರೆಂಚ್ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್ ಕೇಳಿಕೊಂಡಂತೆ ಆತನ ಭಾವ ಫ್ಲೋರಾಂ ಪೆರಿಯೆ ಸೆಪ್ಟೆಂಬರ್ 19ರಂದು ವಾಯುಭಾರ ಅಳೆಯುವ ಪಾದರಸದ ಕೊಳವೆ ಹಿಡಿದು ಫ್ರಾನ್ಸಿನ ಪ್ಯುಯಿ ದ ಡೋಮ್ ಬೆಟ್ಟ ಹತ್ತಿದ. ಸುಮಾರು 1000 ಮೀಟರ್ ಏರಿಕೆಗೆ ಪಾದರಸ 8 ಸೆಂಟಿಮೀಟರಿಗೂ ಹೆಚ್ಚು ಇಳಿಯಿತು. ಈ ಕತೆ ಹೇಳುವವರೆಲ್ಲ ಬೆಟ್ಟದ ತುದಿಯಲ್ಲೇ ನಿಂತುಬಿಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಕೆಳಗೆ ಕ್ಲೆರ್ಮೋನ್ ಊರಿನ ಮಠದ ತೋಟದಲ್ಲಿ ಬಿಟ್ಟುಹೋಗಿದ್ದ ಇನ್ನೊಂದು ಕೊಳವೆ. ಒಬ್ಬ ಸನ್ಯಾಸಿ ದಿನವಿಡೀ ಅದನ್ನು ಕಾಯುತ್ತಿದ್ದ, ಅದರ ಪಾದರಸ ಕದಲಲಿಲ್ಲ. ಬೆಟ್ಟದ ಮೇಲಿನ ಇಳಿಕೆ ಹವೆಯ ಆಟವಲ್ಲ ಎಂಬುದಕ್ಕೆ ಅದೇ ಸಾಕ್ಷಿ. ನಮ್ಮ ಮಣಿಕಟ್ಟಿನಲ್ಲಿರುವುದು ಬೆಟ್ಟ ಹತ್ತಿದ ಕೊಳವೆ ಮಾತ್ರ; ತೋಟದ ಕೊಳವೆ ಅದರ ಜೊತೆ ಬರುವುದಿಲ್ಲ.

ಮೋಡವಿಲ್ಲದ, ಶಾಂತವಾದ ದಿನವೂ ಗಾಳಿ ಸುಮ್ಮನಿರುವುದಿಲ್ಲ. ಬಿಸಿಲು ಓಝೋನ್ ಮತ್ತು ನೀರಾವಿಯನ್ನು ಕಾಯಿಸುವುದರಿಂದ ವಾಯುಮಂಡಲದಲ್ಲಿ ದಿನಕ್ಕೆರಡು ಉಬ್ಬರ, ಎರಡು ಇಳಿತ. ಉಷ್ಣವಲಯದಲ್ಲಿ ಇದು ಚೆನ್ನಾಗಿ ಎದ್ದು ಕಾಣುತ್ತದೆ: ಬೆಳಗ್ಗೆ 10 ಮತ್ತು ರಾತ್ರಿ 10ರ ಆಸುಪಾಸಿನಲ್ಲಿ ಒತ್ತಡ ಹೆಚ್ಚು, ಸಂಜೆ 4 ಮತ್ತು ನಸುಕಿನ 4ರ ಸುಮಾರಿಗೆ ಕಡಿಮೆ. ಹಗಲಿನ ಏರಿಳಿತ 3 ಹೆಕ್ಟೋಪ್ಯಾಸ್ಕಲ್ ಆದರೂ ವಾಚಿನ ಲೆಕ್ಕದಲ್ಲಿ 25 ಮೀಟರ್. ಬೆಳಗ್ಗೆ ಹೊರಟು ಸಂಜೆ ಮರಳಿದವರ ಮನೆ ಎಂಟು ಅಂತಸ್ತು ಮೇಲೆದ್ದಿರುತ್ತದೆ.

ತಾಪಮಾನದ ತಪ್ಪು ಬೇರೆ ಜಾತಿಯದು. ಸಮುದ್ರಮಟ್ಟದಲ್ಲಿ 15 ಡಿಗ್ರಿ, ಕಿಲೋಮೀಟರಿಗೆ 6.5 ಡಿಗ್ರಿ ಇಳಿಕೆ ಎಂಬ ಆದರ್ಶ ವಾಯುಮಂಡಲವನ್ನು ವಾಚಿನ ಸೂತ್ರ ನಂಬಿಕೊಂಡಿದೆ. ನಿಜವಾದ ಗಾಳಿ ಅದಕ್ಕಿಂತ 10 ಡಿಗ್ರಿ ಬಿಸಿಯಿದ್ದರೆ ಅದು ಹಿಗ್ಗಿರುತ್ತದೆ, ಅದೇ ಒತ್ತಡ ಇಳಿಯಲು ಹೆಚ್ಚು ಮೀಟರ್ ಏರಬೇಕು. ವ್ಯತ್ಯಾಸ ಸುಮಾರು 4 ಶೇಕಡ: 1000 ಮೀಟರ್ ಹತ್ತಿದವರಿಗೆ ವಾಚು ಕೊಡುವುದು 960. ಕೊರೆಯುವ ಚಳಿಯಲ್ಲಿ ಇದು ತಿರುಗುಮುರುಗಾಗಿ, ಇಲ್ಲದ ಎತ್ತರ ತೋರಿಸುತ್ತದೆ. ವಿಮಾನ ಚಾಲಕರು ಇದಕ್ಕೆಂದೇ ಚಳಿಯ ತಿದ್ದುಪಡಿ ಹಾಕುತ್ತಾರೆ. ಬೆಟ್ಟದ ಬುಡದಲ್ಲಿ ಅಲ್ಲಿನ ಎತ್ತರಕ್ಕೆ ವಾಚನ್ನು ಎಷ್ಟೇ ಸರಿಯಾಗಿ ಹೊಂದಿಸಿದರೂ ಈ ತಪ್ಪು ಹೋಗದು. ಎತ್ತರ ಗೊತ್ತಿರುವ ಜಾಗ ದಾರಿಯಲ್ಲಿ ಸಿಕ್ಕಾಗಲೆಲ್ಲ ಮತ್ತೆ ಹೊಂದಿಸಬೇಕು.

ಸೈಕಲ್ ತುಳಿಯುವವರಿಗೆ ಇನ್ನೊಂದು ಕಾಟ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಸೆನ್ಸರಿನ ರಂಧ್ರಕ್ಕೆ ನೇರ ಬಡಿದರೆ 0.6 ಹೆಕ್ಟೋಪ್ಯಾಸ್ಕಲ್ ಒತ್ತಡ ಹೆಚ್ಚುತ್ತದೆ, ಅಂದರೆ 5 ಮೀಟರ್ ಸುಳ್ಳು ಇಳಿಕೆ. ವೇಗ 54 ಆದರೆ 11 ಮೀಟರ್, ಏಕೆಂದರೆ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕೈ ತಿರುಗಿದಾಗಲೆಲ್ಲ ಈ ಅಂಕಿ ಬಂದು ಹೋಗುವುದರಿಂದ ಸಮತಟ್ಟು ರಸ್ತೆಯಲ್ಲೂ 'ಒಟ್ಟು ಏರಿಕೆ' ಬೆಳೆಯುತ್ತಲೇ ಇರುತ್ತದೆ. ತೋಳಿನ ಬಟ್ಟೆಯೊಳಗೆ ವಾಚು ಮುಚ್ಚಿಕೊಂಡರೆ ಇದು ಬಹುಮಟ್ಟಿಗೆ ತಗ್ಗುತ್ತದೆ.

ನಿಜವಾಗಿ ವಾಚಿನದೇ ದೋಷ ಎನ್ನಬಹುದಾದದ್ದು ಆ ರಂಧ್ರದ್ದು. ಪಕ್ಕದಲ್ಲೋ ಹಿಂಬದಿಯಲ್ಲೋ ಇರುವ ಸೂಜಿಮೊನೆಯಷ್ಟು ತೂತುಗಳಲ್ಲಿ ಬೆವರಿನ ಉಪ್ಪು, ಸನ್‌ಸ್ಕ್ರೀನ್, ಸೋಪು ಕಟ್ಟಿಕೊಳ್ಳುತ್ತವೆ. ಬೆಟ್ಟ ಹತ್ತುತ್ತಿದ್ದರೂ ಅಂಕಿ ಅಲ್ಲಾಡದೆ ನಿಂತು, ಆಮೇಲೆ ಒಮ್ಮೆಲೇ ಹತ್ತಾರು ಮೀಟರ್ ಜಿಗಿದರೆ ತೂತು ಕಟ್ಟಿದೆ ಎಂದರ್ಥ. ನೀರಿಗೆ ತಡೆಯುವ ವಾಚಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ನೆನೆಸಿ, ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಒಳಗೆ ಹನಿ ಉಳಿದರೆ ಅದೂ ಬಿರಡೆಯೇ. ಪಿನ್ನು ಚುಚ್ಚುವುದು, ಪಂಪಿನಿಂದ ಗಾಳಿ ಊದುವುದು ಬೇಡವೇ ಬೇಡ. ಪೊರೆ ಹರಿದರೆ ಮುಗಿಯಿತು.

'ಜಿಪಿಎಸ್ ಮೂರು ಮೀಟರಿನೊಳಗೆ ಜಾಗ ಹೇಳುತ್ತದಲ್ಲ, ಎತ್ತರವನ್ನೂ ಅದೇ ಹೇಳಲಿ' ಎನ್ನುವವರು ಒಂದನ್ನು ಮರೆಯುತ್ತಾರೆ. ಉಪಗ್ರಹಗಳು ಪೂರ್ವಕ್ಕೂ ಇವೆ, ಪಶ್ಚಿಮಕ್ಕೂ ಇವೆ, ಪಾದದ ಕೆಳಗೆ ಮಾತ್ರ ಇಲ್ಲ. ನಿಮ್ಮನ್ನು ನಾಲ್ಕೂ ಕಡೆಯಿಂದ ಹಗ್ಗ ಕಟ್ಟಿ ಎಳೆದು ಹಿಡಿದಿದ್ದಾರೆ ಎಂದುಕೊಳ್ಳಿ. ಎಲ್ಲ ಹಗ್ಗಗಳೂ ಒಂದೇ ಅಳತೆಯಷ್ಟು ಸಡಿಲವಾದರೆ ನೀವು ಪಕ್ಕಕ್ಕೆ ಸರಿಯುವುದಿಲ್ಲ, ಕೆಳಗೆ ಜೋಲುತ್ತೀರಿ. ವಾಚಿನ ಗಡಿಯಾರದ ತಪ್ಪು ಎಲ್ಲ ಹಗ್ಗಗಳನ್ನೂ ಹಾಗೆ ಒಟ್ಟಿಗೆ ಸಡಿಲಿಸುತ್ತದೆ, ತಪ್ಪಿನ ದೊಡ್ಡ ಪಾಲು ಎತ್ತರದ ಮೇಲೆ ಬೀಳುತ್ತದೆ.

ಹೊಂದಿಸುವಾಗ ಭೂಪಟದ ಎತ್ತರವೋ ಸರ್ವೆ ಕಲ್ಲಿನ ಅಂಕಿಯೋ ಸಿಕ್ಕರೆ ಅದನ್ನೇ ಹಾಕಿ. ಜಿಪಿಎಸ್ ನೆಚ್ಚಿಕೊಂಡರೆ ತೆರೆದ ಆಕಾಶದ ಕೆಳಗೆ ನಿಂತು, ಅಂಕಿ ಓಲಾಡುವುದು ನಿಲ್ಲುವವರೆಗೆ ಕಾಯಿರಿ. ಎತ್ತರದ ಬದಲು ವಾಚಿಗೆ ಒತ್ತಡವನ್ನೇ ಕೊಡುವುದಾದರೆ ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಒತ್ತಡ ಬೇಕು, ಆ ಜಾಗದ ಒತ್ತಡವಲ್ಲ. 900 ಮೀಟರ್ ಎತ್ತರದ ಊರಿನ ನೇರ ಒತ್ತಡ ಸುಮಾರು 910 ಹೆಕ್ಟೋಪ್ಯಾಸ್ಕಲ್. ಅದನ್ನು ಹಾಕಿದರೆ ವಾಚು ನಿಮ್ಮನ್ನು ಕಡಲ ತೀರಕ್ಕೆ ತಂದು ನಿಲ್ಲಿಸುತ್ತದೆ.

ಇನ್ನು ತೋಟದ ಕೊಳವೆ. ಹೊರಟ ಜಾಗಕ್ಕೇ ಮರಳುವವರ ಬಳಿ ಅದು ಇದ್ದೇ ಇದೆ. ಬೆಳಗ್ಗೆ 6ಕ್ಕೆ 612 ಮೀಟರಿನಲ್ಲಿ ಹೊರಟು 12ಕ್ಕೆ ಅಲ್ಲೇ ಬಂದು ನಿಂತಾಗ ವಾಚು 636 ತೋರಿಸಿದರೆ, ಹವೆ ಆರು ಗಂಟೆಯಲ್ಲಿ 24 ಮೀಟರ್ ಸೇರಿಸಿದೆ, ಗಂಟೆಗೆ 4. ತುದಿ ಮುಟ್ಟಿದ್ದು 9ಕ್ಕೆ, ಆಗ ಕಂಡದ್ದು 1480 ಎಂದಾದರೆ ಅದರಲ್ಲಿ 12 ಕಳೆದು 1468 ಎಂದು ಬರೆದುಕೊಳ್ಳಿ. ಒತ್ತಡ ಒಂದೇ ಸಮನೆ ಇಳಿದಿದೆ ಎಂಬ ಊಹೆ ಇದರಲ್ಲಿದೆ, 10 ಗಂಟೆಯ ತಿರುವು ನಡುವೆ ಬಂದರೆ ಲೆಕ್ಕ ಕೊಂಚ ಹದತಪ್ಪುತ್ತದೆ. ಅದಕ್ಕೇ ತುದಿಯಲ್ಲಿ ಕೂತು ದಣಿವಾರಿಸಿಕೊಳ್ಳುವಾಗ ವಾಚನ್ನು ಒಂದು ಕಲ್ಲಿನ ಮೇಲಿಡಿ, ಇಟ್ಟಾಗಿನ ಅಂಕಿ ಬರೆದಿಟ್ಟು, ಅರ್ಧ ಗಂಟೆ ಬಿಟ್ಟು ಎತ್ತಿಕೊಳ್ಳುವಾಗ ಇನ್ನೊಮ್ಮೆ ನೋಡಿ. ಕಲ್ಲು ಕದಲಿಲ್ಲವಲ್ಲ, ಬದಲಾದ ಅಂಕಿಯೆಲ್ಲ ಹವೆಯದು.