ಉಳಿದುಹೋದ ನಲವತ್ತು ಡೈಮಂಡ್

ಪುಣೆಯ ಬಾಣೇರ್‌ನಲ್ಲಿ ಒಂದು ಮೊಬೈಲ್ ಗೇಮ್ ಕಂಪನಿಯಲ್ಲಿ ನನ್ನ ಕೆಲಸ. ಆಟದೊಳಗೆ ನಾಣ್ಯ ಎಷ್ಟು ಸಿಗಬೇಕು, ಯಾವ ವಸ್ತುವಿಗೆ ಎಷ್ಟು ಬೆಲೆ, ಬಹುಮಾನದ ಪೆಟ್ಟಿಗೆ ತೆರೆಯಲು ಎಷ್ಟು ತಾಸು ಕಾಯಿಸಬೇಕು, ಇವನ್ನೆಲ್ಲ ಎಕ್ಸೆಲ್ ಹಾಳೆಯಲ್ಲಿ ಕೂಡಿಸಿ ಕಳೆಯುವವನು ನಾನು. ಊರಿನವರು ಕೇಳಿದರೆ "ಕಂಪ್ಯೂಟರ್ ಕೆಲಸ" ಎಂದು ಮುಗಿಸುತ್ತೇನೆ.

ಕೋಥ್ರೂಡ್‌ನಲ್ಲಿರುವ ಅಕ್ಕನ ಮಗನ ಹತ್ತಿರ ಅದು ನಡೆಯಲಿಲ್ಲ. "ಮಾಮಾ, ಐದ್ ಸಾವಿರ ಕೊಟ್ಟು ಗೇಮಿನ ಡಿಸ್ಕ್ ತಗೊಂಡೀನಿ. ಒಳಗ ಕಾರ್ ತಗೊಳ್ಳಾಕ ಮತ್ತ ರೊಕ್ಕ ಕೇಳ್ತೈತಿ. ಇದ್ಯಾವ ನ್ಯಾಯ?" ಅಡುಗೆಮನೆಯಿಂದ ಅಕ್ಕ ಅಂದಳು: "ಜಾತ್ರ್ಯಾಗೂ ಹಂಗ ಅಲ್ಲೇನೊ, ಒಳಗ ಹೋಗಾಕ ಒಂದ್ ತಿಕೀಟ, ತೊಟ್ಟಿಲಕ್ಕ ಇನ್ನೊಂದು."

2020ರ ಕೊನೆಗೆ ಹೊಸ ಕನ್ಸೋಲ್‌ಗಳು, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರಗಳು, ಬಂದಾಗ ಅಮೆರಿಕದಲ್ಲಿ ದೊಡ್ಡ ಆಟಗಳ ದರ 60 ಡಾಲರ್‌ನಿಂದ 70ಕ್ಕೆ ಏರಿತು. ನಮ್ಮಲ್ಲಿ ಸೋನಿ ತನ್ನ ಪಿಎಸ್5 ಕನ್ಸೋಲ್‌ಗೆ ತಂದ ದೊಡ್ಡ ಆಟಗಳು ₹4,999 ಆದವು. 2025ರಲ್ಲಿ ನಿಂಟೆಂಡೊ ಮಾರಿಯೊ ಕಾರ್ಟ್ ವರ್ಲ್ಡ್ ಆಟಕ್ಕೆ 80 ಡಾಲರ್ ಇಟ್ಟಿತು. ದುಬಾರಿಯೇ, ಅನುಮಾನವಿಲ್ಲ. ಆದರೆ ಡಬ್ಬಿಯ ಮೇಲಿನ ಬೆಲೆ ಕಣ್ಣಿಗೆ ಬೀಳುತ್ತದೆ, ಬೇಡವೆಂದರೆ ಬಿಟ್ಟು ಬರಬಹುದು. ನಾನು ಕೂಡಿಸುವ ಬೆಲೆ ಹಾಗೆ ಕಾಣಿಸುವುದಿಲ್ಲ.

ನಮ್ಮ ಆಟದ ಅಂಗಡಿಯಲ್ಲಿ ರೂಪಾಯಿ ನಡೆಯುವುದಿಲ್ಲ, ಮೊದಲು ಡೈಮಂಡ್ ಕೊಳ್ಳಬೇಕು. ರೂಪಾಯಿ ಒಮ್ಮೆ ಡೈಮಂಡ್ ಆಯಿತೆಂದರೆ ಅದರ ಬಿಸಿ ಆರಿಹೋಗುತ್ತದೆ. ₹300 ಕೊಡಲು ಅಳುಕುವ ಬೆರಳು 360 ಡೈಮಂಡ್‌ನ ಗುಂಡಿಯನ್ನು ಯೋಚಿಸದೆ ಒತ್ತುತ್ತದೆ. ಇನ್ನು ಪ್ಯಾಕ್‌ಗಳ ಲೆಕ್ಕ ನೋಡಿ. ಒಂದು 100 ಡೈಮಂಡ್‌ನದು, ಇನ್ನೊಂದು 400ರದು. ಆಟದ ಪಾತ್ರಕ್ಕೆ ತೊಡಿಸುವ ಹೊಸ ವೇಷದ ಬೆಲೆ 360. ಉಳಿದದ್ದು 40. ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತುವಿಗೆ 60. ಈ ನಲವತ್ತನ್ನು ನಾವೇ ಕೂತು ಲೆಕ್ಕ ಹಾಕಿ ಉಳಿಸಿದ್ದು. ಕಿರಾಣಿ ಅಂಗಡಿಯವನು ಚಿಲ್ಲರೆ ಇಲ್ಲವೆಂದು ಚಾಕ್ಲೇಟು ಕೊಟ್ಟರೆ ಬಾಯಿಗಾದರೂ ಹಾಕಿಕೊಳ್ಳಬಹುದು. ಈ ನಲವತ್ತಕ್ಕೆ ಬೆಲೆ ಬರಬೇಕಾದರೆ ಇನ್ನೊಂದು ಪ್ಯಾಕ್ ಕೊಳ್ಳಬೇಕು.

ಒಮ್ಮೆ ಮೀಟಿಂಗ್‌ನಲ್ಲಿ ಬಹುಮಾನದ ಪೆಟ್ಟಿಗೆ ತೆರೆಯುವ ಸಮಯ ಮೂರು ತಾಸಿನಿಂದ ನಾಲ್ಕಕ್ಕೆ ಹೋಯಿತು, ಕಾಯಲಾರದವರು ಡೈಮಂಡ್ ಕೊಟ್ಟು ತೆರೆಯಲಿ ಎಂದು. ಚಹಾ ಆರುವಷ್ಟು ಹೊತ್ತೂ ಚರ್ಚೆ ನಡೆಯಲಿಲ್ಲ. ಸರ್ವರ್‌ನಲ್ಲಿ ಒಂದು ಅಂಕಿ ತಿದ್ದಿದರೆ ಆಯಿತು, ಆಡುವವರ ಫೋನಿನಲ್ಲಿ ಅಪ್‌ಡೇಟ್ ಕೂಡ ಬೇಕಾಗಲಿಲ್ಲ. ಬೇಡ ಎನ್ನಬಹುದಿತ್ತು, ನಾನು ಅನ್ನಲಿಲ್ಲ. ನಮ್ಮದು ಪುಕ್ಕಟೆ ಆಟ, ಸಂಬಳ ಎಲ್ಲಿಂದಲೋ ಬರಬೇಕಲ್ಲ ಎಂದು ಸಮಾಧಾನ ಮಾಡಿಕೊಂಡೆ. ₹4,999ರ ಆಟಕ್ಕೆ ಆ ನೆವವೂ ಇಲ್ಲ.

ಹುಡುಗ ಕೊಂಡದ್ದು ಗ್ರಾನ್ ಟುರಿಸ್ಮೊ 7, ಕಾರು ರೇಸಿನ ಆಟ. ಅದು ಬಿಡುಗಡೆಯಾದದ್ದು 2022ರ ಮಾರ್ಚ್ 4ರಂದು. ವಿಮರ್ಶೆಗಳು ಅದಕ್ಕೂ ಮೊದಲೇ ಬಂದು ಬಾಯ್ತುಂಬ ಹೊಗಳಿದ್ದವು. ಆದರೆ ವಿಮರ್ಶಕರು ಆಡುವಾಗ ಕ್ರೆಡಿಟ್ ಎಂಬ ಆಟದೊಳಗಿನ ಹಣವನ್ನು ಮಾರುವ ಅಂಗಡಿಯ ದರಗಳೇ ಕಂಡಿರಲಿಲ್ಲ. ಆಮೇಲೆ ಗೊತ್ತಾಯಿತು: 20 ಲಕ್ಷ ಕ್ರೆಡಿಟ್‌ಗೆ ಸುಮಾರು 20 ಡಾಲರ್. ಕೋಟಿ ಕ್ರೆಡಿಟ್ ದಾಟಿದ ಕಾರುಗಳು ಆಟದಲ್ಲಿವೆ. ಅಂದರೆ ಆಡಿ ಗಳಿಸುವ ತಾಳ್ಮೆ ಇಲ್ಲದವನಿಗೆ ಒಂದೇ ಕಾರು 100 ಡಾಲರ್‌ಗೂ ಮೇಲೆ, ಇಡೀ ಆಟಕ್ಕಿಂತ ದುಬಾರಿ. ಎರಡು ವಾರ ತುಂಬುವುದರೊಳಗೆ ಬಂದ 1.07 ಅಪ್‌ಡೇಟ್ ಕೆಲವು ರೇಸ್‌ಗಳ ಗಳಿಕೆಯನ್ನು ಕತ್ತರಿಸಿತು. ಅದೇ ಹೊತ್ತಿಗೆ ಸರ್ವರ್‌ಗಳು 30 ತಾಸಿಗೂ ಹೆಚ್ಚು ಮುಚ್ಚಿದ್ದವು. ಒಬ್ಬನೇ ಕೂತು ಆಡುವ ಭಾಗಕ್ಕೂ ಇಂಟರ್ನೆಟ್ ಬೇಕಾದ್ದರಿಂದ ಡಿಸ್ಕ್ ಕೈಯಲ್ಲಿದ್ದೂ ಹೆಚ್ಚುಕಡಿಮೆ ಆಟವೇ ಇರಲಿಲ್ಲ. ಆಡುವವರ ಸಿಟ್ಟಿಗೆ ಮಣಿದು ಆ ಆಟದ ಕಂಪನಿ ಕ್ಷಮೆ ಕೇಳಿತು, 10 ಲಕ್ಷ ಕ್ರೆಡಿಟ್ ಕೊಟ್ಟಿತು, ಏಪ್ರಿಲ್‌ನಲ್ಲಿ ಗಳಿಕೆಯನ್ನು ಏರಿಸಿತು. ಆ ಹೊಗಳಿಕೆಯ ವಿಮರ್ಶೆಗಳಲ್ಲಿ ಇದ್ಯಾವುದೂ ಇರಲು ಸಾಧ್ಯವಿರಲಿಲ್ಲ.

"ವಿಮರ್ಶಕರೆಲ್ಲ ರೊಕ್ಕ ತಿಂದಾರ" ಎಂದು ಹುಡುಗ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ. ಜಾಹೀರಾತಿನ ಒತ್ತಡ ಇಲ್ಲವೆಂದು ನಾನೂ ಹೇಳಲಾರೆ. 2007ರಲ್ಲಿ ಗೇಮ್‌ಸ್ಪಾಟ್ ಎಂಬ ಆಟದ ವಿಮರ್ಶೆಯ ವೆಬ್‌ಸೈಟಿನಿಂದ ವಿಮರ್ಶಕ ಜೆಫ್ ಗರ್ಸ್ಟ್‌ಮನ್ ಹೊರಬಿದ್ದದ್ದು ಆ ಒತ್ತಡದಿಂದಲೇ ಎಂದು ಐದು ವರ್ಷಗಳ ಮೇಲೆ ಅವರೇ ಹೇಳಿದರು. ದಿನನಿತ್ಯದ ತೊಂದರೆ ಮಾತ್ರ ಲಂಚಕ್ಕಿಂತ ಬಹಳ ಸಪ್ಪೆ. ವಿಮರ್ಶೆಗೆ ಆಟದ ಪ್ರತಿಯನ್ನು ಕೊಡುವ ಕಂಪನಿಯವರೇ ಯಾವುದು, ಯಾವಾಗ ಎಂದು ತೀರ್ಮಾನಿಸುತ್ತಾರೆ. 2020ರಲ್ಲಿ ಸೈಬರ್‌ಪಂಕ್ 2077 ಎಂಬ ಆಟದ ಪಿಸಿ (ಕಂಪ್ಯೂಟರ್) ಪ್ರತಿಯಷ್ಟೇ ವಿಮರ್ಶಕರಿಗೆ ಮೊದಲು ಸಿಕ್ಕಿತ್ತು. ಹಳೆಯ ಕನ್ಸೋಲ್‌ಗಳಲ್ಲಿ ಅದು ಎಷ್ಟು ಕೆಟ್ಟದಾಗಿತ್ತೆಂದರೆ ಒಂದೇ ವಾರದಲ್ಲಿ ಸೋನಿ ತನ್ನ ಅಂಗಡಿಯಿಂದ ತೆಗೆದುಹಾಕಿತು.

ನಾನಂತೂ ಮೂರು ವಾರ ಕಾಯುತ್ತೇನೆ. ಅಷ್ಟರಲ್ಲಿ ಮೊದಲ ಅಪ್‌ಡೇಟ್ ಬಂದಿರುತ್ತದೆ, ಒಂದು ತಾಸು ಆಡಿದರೆ ಎಷ್ಟು ಗಳಿಕೆ ಎಂದು ಜನ ಲೆಕ್ಕ ಹಾಕಿರುತ್ತಾರೆ. ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಾದರೆ ಕೊಂಡ 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆದರೆ ಮೊದಲ ಎರಡು ತಾಸಿನಲ್ಲಿ ನಮ್ಮ ಕಸುಬಿನವರು ಯಾರನ್ನೂ ಕಾಯಿಸುವುದಿಲ್ಲ, ಧಾರಾಳವಾಗಿ ಕೊಡುತ್ತಾರೆ.

ಹುಡುಗ ಎಲ್ಲ ಕೇಳಿಸಿಕೊಂಡು ತನ್ನ ಫೋನ್ ಮುಂದೆ ಹಿಡಿದ. ಯಾವುದೋ ಆಟದ ಮೂಲೆಯಲ್ಲಿ ಮೂವತ್ತೈದು ಡೈಮಂಡ್. "ಇದೂ ನೀನ ಇಟ್ಟಿದ್ದೇನು?" ನಮ್ಮ ಕಂಪನಿಯ ಆಟವಲ್ಲ ಅದು. ಹಾಗೆಂದು ಹೇಳಿದೆ. ಅಕ್ಕ ಚಹಾ ತಂದಿಟ್ಟಳು.