ಟ್ರಸ್ಟ್ ಹೆಸರಲ್ಲಿ ಸಾಲವಿಲ್ಲದೆ ಮನೆ ಕೊಂಡರೆ ಅಮೆರಿಕದಲ್ಲಿ ಯಾಕಿಷ್ಟು ವಿವರ ಕೇಳುತ್ತಾರೆ?

ಓದುಗರ ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ. ವಕೀಲರ ಸಲಹೆ ಮೇಲೆ ಗಂಡ ಹೆಂಡತಿ ಸೇರಿ ಲಿವಿಂಗ್ ಟ್ರಸ್ಟ್ (ಬದುಕಿರುವಾಗಲೇ ಆಸ್ತಿಯನ್ನು ಇಡುವ ಟ್ರಸ್ಟ್) ಮಾಡಿಸಿದ್ದೇವೆ. ಹಳೆ ಮನೆ ಮಾರಿದ ದುಡ್ಡಿಗೆ ಊರಿನಲ್ಲಿ ಅಪ್ಪ ಸೈಟ್ ಮಾರಿ ಕೊಟ್ಟ ಹಣ ಸೇರಿಸಿ, ಟ್ರಸ್ಟ್ ಹೆಸರಿಗೆ ಹೊಸ ಮನೆ ಕೊಳ್ಳುತ್ತಿದ್ದೇವೆ. ಸಾಲ ಇಲ್ಲ. ಟೈಟಲ್ ಕಂಪನಿಯವರು (ಮನೆಯ ಹಕ್ಕುಪತ್ರ ಪರಿಶೀಲಿಸಿ ಮಾರಾಟ ಮುಗಿಸಿಕೊಡುವವರು) ನಮ್ಮ ಹುಟ್ಟಿದ ದಿನ, ಪೌರತ್ವ, ಸೋಶಿಯಲ್ ಸೆಕ್ಯೂರಿಟಿ ನಂಬರ್, ಬ್ಯಾಂಕ್ ಖಾತೆ ಎಲ್ಲ ಕೇಳುತ್ತಿದ್ದಾರೆ. ನಮ್ಮ ಮೇಲೆ ಅನುಮಾನವೇ?

ಉತ್ತರ: ಅನುಮಾನವಲ್ಲ, ಗಾಬರಿ ಬೇಡ. ಇದಕ್ಕೆ ಕಾರಣ ಫಿನ್‌ಸೆನ್ ನಿಯಮ. ಅಮೆರಿಕದ ಖಜಾನೆ ಇಲಾಖೆಯಲ್ಲಿ ಅಕ್ರಮ ಹಣದ ಜಾಡು ಹಿಡಿಯುವ ಸಂಸ್ಥೆ ಅದು. 2024ರ ಆಗಸ್ಟ್‌ನಲ್ಲಿ ಅದು ಹೊರಡಿಸಿದ ನಿಯಮದ ಪ್ರಕಾರ, ಕಂಪನಿಯೋ ಟ್ರಸ್ಟೋ ಬ್ಯಾಂಕ್ ಸಾಲವಿಲ್ಲದೆ ಮನೆ ಪಡೆದರೆ ಅದರ ವರದಿ ಸರ್ಕಾರಕ್ಕೆ ಹೋಗಬೇಕಿತ್ತು. 2026ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ಕೋರ್ಟ್ ಈ ನಿಯಮವನ್ನು ರದ್ದು ಮಾಡಿತು, ಆ ಆದೇಶ ಇರುವವರೆಗೆ ವರದಿ ಸಲ್ಲಿಸಬೇಕಿಲ್ಲ. ಮುಂದೆ ಹೇಳುವುದು ಆ ನಿಯಮದಲ್ಲಿ ಇದ್ದದ್ದು. ಬೆಲೆಗೆ ಕೆಳಮಿತಿ ಇಲ್ಲ. ಇದೇ ಮನೆಯನ್ನು ನಿಮ್ಮಿಬ್ಬರ ಹೆಸರಲ್ಲಿ ಕೊಂಡಿದ್ದರೆ ಈ ವರದಿಯೇ ಇರುತ್ತಿರಲಿಲ್ಲ.

ಬ್ಯಾಂಕ್ ಸಾಲ ಇದ್ದರೆ ಯಾಕೆ ಬೇಡ? ಸಾಲ ಕೊಡುವ ಮುಂಚೆ ಬ್ಯಾಂಕೇ ಜಾಲಾಡಿ ನೋಡಿರುತ್ತದೆ. ಅನುಮಾನ ಬಂದರೆ ಸರ್ಕಾರಕ್ಕೆ ತಿಳಿಸುವ ಹೊಣೆ ಅದಕ್ಕೆ ಮೊದಲಿನಿಂದಲೂ ಇದೆ. ಮನೆ ಮಾರಾಟ ಮಾಡಿಸುವವರಿಗೂ ಇಂಥದ್ದೇ ಹೊಣೆ ಹೊರಿಸಲು 2001ರ ಪೇಟ್ರಿಯಟ್ ಕಾಯ್ದೆಯಲ್ಲಿ ದಾರಿಯಿತ್ತು. ಆದರೆ 2002ರಲ್ಲಿ ಅವರಿಗೆ ‘ತಾತ್ಕಾಲಿಕ’ ವಿನಾಯಿತಿ ಸಿಕ್ಕಿತು, ಅದು ವರ್ಷಗಟ್ಟಲೆ ಮುಂದುವರಿಯಿತು. ಮಲೇಷ್ಯಾದ 1ಎಂಡಿಬಿ ನಿಧಿಯಿಂದ ಲಪಟಾಯಿಸಿದ್ದು ಎನ್ನಲಾದ ಹಣ ಕಾಗದದ ಮೇಲಷ್ಟೇ ಇದ್ದ ಕಂಪನಿಗಳ ಮೂಲಕ ನ್ಯೂಯಾರ್ಕ್, ಬೆವರ್ಲಿ ಹಿಲ್ಸ್‌ನ ಐಷಾರಾಮಿ ಮನೆಗಳಾಗಿತ್ತು. ಅವನ್ನು ಮುಟ್ಟುಗೋಲು ಹಾಕಿಕೊಳ್ಳಲು ಅಮೆರಿಕದ ನ್ಯಾಯ ಇಲಾಖೆ 2016ರಲ್ಲಿ ಕೋರ್ಟಿಗೆ ಹೋಯಿತು. ಅದೇ ವರ್ಷ ಫಿನ್‌ಸೆನ್ ಮ್ಯಾನ್‌ಹಟನ್ ಮತ್ತು ಮಯಾಮಿಯಲ್ಲಿ ದುಬಾರಿ ಮನೆ ಕೊಳ್ಳುವ ಕಂಪನಿಗಳ ಹಿಂದೆ ಯಾರಿದ್ದಾರೆಂದು ಕೇಳಲು ಶುರುಮಾಡಿತು. ಆಮೇಲೆ ಡಲ್ಲಾಸ್ ಸೇರಿ ಬೇರೆ ಊರುಗಳೂ ಪಟ್ಟಿಗೆ ಬಂದವು. ಹೊಸ ನಿಯಮ ಇಡೀ ದೇಶಕ್ಕೆ. ನನ್ನ ಮಟ್ಟಿಗೆ ಇದು ಬೇಕಾದದ್ದೇ. ಕದ್ದ ಹಣದವರು ಬೆಲೆಗೆ ಚೌಕಾಸಿ ಮಾಡುವುದಿಲ್ಲ. ಅವರೆದುರು ಸೋಲುವುದು ಸಂಬಳ ಕೂಡಿಟ್ಟು ಮನೆ ಹುಡುಕುವ ಕುಟುಂಬ.

ಸಾಲವಿಲ್ಲದೆ ಮನೆ ಕೊಳ್ಳುವುದನ್ನು ಇಲ್ಲಿ ಕ್ಯಾಶ್ ಖರೀದಿ ಅನ್ನುತ್ತಾರೆ. ಕ್ಯಾಶ್ ಅಂದರೆ ನೋಟಿನ ಕಂತೆಯಲ್ಲ. ಬ್ಯಾಂಕಿನಿಂದ ವೈರ್ ಮಾಡಿದರೂ ಕ್ಯಾಶೇ. ಅಷ್ಟೇ ಅಲ್ಲ, ಗೆಳೆಯರಿಂದ ಕೈಸಾಲ ತಂದರೂ, ಮಾರುವವರೇ ಕಂತಿನಲ್ಲಿ ಕೊಟ್ಟರೂ, ನಿಮ್ಮ ಇನ್ನೊಂದು ಮನೆ ಅಡವಿಟ್ಟು ಬ್ಯಾಂಕಿನಿಂದ ತಂದ ದುಡ್ಡಾದರೂ ವರದಿ ತಪ್ಪುವುದಿಲ್ಲ. ಕೊಳ್ಳುವ ಮನೆಯನ್ನೇ ಅಡವಿಟ್ಟುಕೊಂಡು, ಇಂಥ ತಪಾಸಣೆಯ ಹೊಣೆ ಇರುವ ಸಂಸ್ಥೆ ಸಾಲ ಕೊಟ್ಟಿದ್ದರೆ ಮಾತ್ರ ವಿನಾಯಿತಿ.

ಈಗ ನಿಮ್ಮ ಟ್ರಸ್ಟ್ ವಿಷಯ. ಟ್ರಸ್ಟಿಗಳು ನೀವೇ, ಬೇಡವೆಂದಾಗ ಟ್ರಸ್ಟ್ ರದ್ದು ಮಾಡುವ ಹಕ್ಕೂ ನಿಮ್ಮದೇ ಅಲ್ವಾ? ಹಾಗಾಗಿ ನಿಜವಾದ ಒಡೆಯರೆಂದು ನಿಮ್ಮಿಬ್ಬರ ಹೆಸರು ಹೋಗುತ್ತದೆ. ಮುಂದೆಂದೋ ಆಸ್ತಿ ಪಡೆಯಬೇಕಾದ ಮಕ್ಕಳ ಹೆಸರು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹಣ ಯಾವ ಖಾತೆಯಿಂದ ಬಂತು, ಕಟ್ಟಿದವರು ಯಾರು ಎಂಬುದೂ ವರದಿಯಲ್ಲಿರುತ್ತದೆ. ಅಪ್ಪ ನೇರವಾಗಿ ಟೈಟಲ್ ಕಂಪನಿಗೆ ವೈರ್ ಮಾಡಿದರೆ ಅವರ ಹೆಸರೂ ಬರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಸೈಟಿನ ಕ್ರಯಪತ್ರ, ಬ್ಯಾಂಕ್ ರಸೀದಿ ಜೋಡಿಸಿಟ್ಟುಕೊಳ್ಳಿ. ಭಾರತದಿಂದ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆ) ಅಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಕಳಿಸಬಹುದಾದದ್ದು 2,50,000 ಡಾಲರ್. ಇನ್ನೊಂದು ಮಾತು: ವರ್ಷದಲ್ಲಿ ಅಪ್ಪನಿಂದ ಬಂದ ಉಡುಗೊರೆ 1,00,000 ಡಾಲರ್ ದಾಟಿದರೆ ತೆರಿಗೆ ಇಲಾಖೆಗೆ ನೀವು ಫಾರ್ಮ್ 3520 ಸಲ್ಲಿಸಬೇಕು. ಫಿನ್‌ಸೆನ್ ವರದಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಮರೆತರೆ ದಂಡ ದೊಡ್ಡದು.

ತುಂಬಾ ಜನ ಎಡವುವುದು ಬೇರೆ ಕಡೆ. ಈಗಾಗಲೇ ನಿಮ್ಮ ಹೆಸರಲ್ಲಿರುವ ಮನೆಯನ್ನು ದುಡ್ಡು ಪಡೆಯದೆ ನಿಮ್ಮದೇ ಟ್ರಸ್ಟ್‌ಗೆ ವರ್ಗಾಯಿಸಿದರೆ ವರದಿ ಬೇಡ. ಅದೇ ಟ್ರಸ್ಟ್ ಹೊರಗಿನವರಿಂದ ನೇರವಾಗಿ ಕೊಂಡರೆ ಬೇಕು. ಬಾಡಿಗೆಗೆ ಕೊಟ್ಟ ಮನೆಯನ್ನು ನಿಮ್ಮದೇ ಎಲ್‌ಎಲ್‌ಸಿಗೆ (ಸೀಮಿತ ಹೊಣೆಯ ಸಣ್ಣ ಕಂಪನಿ) ಸುಮ್ನೆ ಬರೆದುಕೊಟ್ಟರೆ? ಈ ವಿನಾಯಿತಿ ಟ್ರಸ್ಟ್‌ಗೆ ಮಾತ್ರ, ಎಲ್‌ಎಲ್‌ಸಿಗೆ ಇಲ್ಲ. ಮನೆ ಮೇಲೆ ಸಾಲವಿಲ್ಲದಿದ್ದು, ಕಾಗದಪತ್ರ ವಕೀಲರೋ ಟೈಟಲ್ ಕಂಪನಿಯವರೋ ಮಾಡಿಸಿದರೆ ಅದೂ ವರದಿಗೆ ಬರುತ್ತದೆ. ಒಂದು ಡಾಲರ್ ಕೈ ಬದಲಾಗದಿದ್ದರೂ ಸರಿ. ಸಾವಿನ ನಂತರ ವಾರಸುದಾರಿಕೆಯಿಂದ ಅಥವಾ ವಿಚ್ಛೇದನದಿಂದ ಆಗುವ ವರ್ಗಾವಣೆಗೆ ಮಾತ್ರ ಬೇರೆಯೇ ವಿನಾಯಿತಿಗಳಿವೆ.

“ಬಿಓಐ (ಕಂಪನಿಯ ಒಡೆಯರ ವಿವರದ) ವರದಿ ರದ್ದಾಯ್ತಲ್ಲ, ಅದಕ್ಕೇ ಇದೂ ಬೇಡ” ಅಂತ ಯಾರಾದರೂ ಹೇಳಿದರೆ ಎರಡನ್ನೂ ಬೆರೆಸಬೇಡಿ. 2025ರ ಮಾರ್ಚ್‌ನಲ್ಲಿ ಕೈಬಿಟ್ಟದ್ದು ಅಮೆರಿಕದಲ್ಲೇ ನೋಂದಾಯಿಸಿದ ಕಂಪನಿಗಳು ಒಡೆಯರ ವಿವರ ಕೊಡಬೇಕೆಂಬ ನಿಯಮವನ್ನು. ಅದು ಕಂಪನಿಗೆ ಸಂಬಂಧಪಟ್ಟದ್ದು, ಇದು ಮನೆಗೆ.

ವರದಿ ಸಲ್ಲಿಸುವುದು ನಿಮ್ಮ ಕೆಲಸವಲ್ಲ. ಕ್ಲೋಸಿಂಗ್ (ಹಣ, ಕಾಗದಪತ್ರ ಕೈಬದಲಾಗಿ ಮಾರಾಟ ಮುಗಿಯುವ ಹಂತ) ನಡೆಸುವವರದ್ದು. ಅವರಿಲ್ಲದಿದ್ದರೆ ಸೆಟಲ್‌ಮೆಂಟ್ ಪತ್ರ ತಯಾರಿಸಿದವರು, ಅವರೂ ಇಲ್ಲದಿದ್ದರೆ ಡೀಡ್ (ಮನೆಯ ಹಕ್ಕು ವರ್ಗಾಯಿಸುವ ಪತ್ರ) ನೋಂದಾಯಿಸಿದವರು, ಹೀಗೆ ಸಾಲಾಗಿ ಹೊಣೆ ಇಳಿಯುತ್ತದೆ. ಕ್ಲೋಸಿಂಗ್ ಆಗಿ 30 ದಿನ ಅಥವಾ ಮುಂದಿನ ತಿಂಗಳ ಕೊನೆಯ ದಿನ, ಯಾವುದು ತಡವೋ ಅಷ್ಟರೊಳಗೆ ಕೊಟ್ಟರಾಯಿತು. ಒಡೆಯರ ವಿವರ ಸರಿಯಿದೆ ಎಂದು ನೀವು ಸಹಿ ಮಾಡಿಕೊಡಬೇಕು, ಆದ್ದರಿಂದ ಓದಿ ಸಹಿ ಹಾಕಿ. ವರದಿ ಸಾರ್ವಜನಿಕರ ಕೈಗೆ ಸಿಗುವುದಿಲ್ಲ. ಆದರೂ ನಿಮ್ಮ ನಂಬರುಗಳನ್ನು ಮಾಮೂಲಿ ಇಮೇಲ್‌ನಲ್ಲಿ ಕಳಿಸಬೇಡಿ. ಸುರಕ್ಷಿತ ಪೋರ್ಟಲ್ ಲಿಂಕ್ ಕೇಳಿ, ಕೇಳುತ್ತಿರುವುದು ನಿಮ್ಮ ಟೈಟಲ್ ಕಂಪನಿಯೇ ಎಂದು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಕ್ಲೋಸಿಂಗ್ ಹೊತ್ತಿನಲ್ಲಿ ವೈರ್ ವಂಚಕರ ಕಾಟ ಜಾಸ್ತಿ.

ಕೊನೆಯದಾಗಿ ದಿನಾಂಕ. 2025ರ ಡಿಸೆಂಬರ್ 1ರಿಂದ ಜಾರಿಯಾಗಬೇಕಿದ್ದ ನಿಯಮವನ್ನು 2026ರ ಮಾರ್ಚ್ 1ಕ್ಕೆ ಮುಂದೂಡಲಾಯಿತು. ಟೆಕ್ಸಾಸ್ ಮತ್ತು ಫ್ಲಾರಿಡಾದ ಫೆಡರಲ್ ಕೋರ್ಟುಗಳಲ್ಲಿ ಟೈಟಲ್ ಉದ್ಯಮದವರು ಇದನ್ನು ಪ್ರಶ್ನಿಸಿದರು. ಟೆಕ್ಸಾಸ್ ಕೋರ್ಟ್ ಅದೇ ಮಾರ್ಚ್‌ನಲ್ಲಿ ನಿಯಮವನ್ನು ರದ್ದು ಮಾಡಿತು. ಕೋರ್ಟಿನ ಇನ್ನೊಂದು ಆದೇಶ ಮತ್ತೆ ಇಡೀ ಲೆಕ್ಕ ಬದಲಿಸಬಹುದು. ಹಾಗಾಗಿ ನಿಮ್ಮ ಕ್ಲೋಸಿಂಗ್ ದಿನ ಈ ವರದಿ ಬೇಕೇ ಬೇಡವೇ ಎಂದು ಟೈಟಲ್ ಕಂಪನಿಯಿಂದ ಬರಹದಲ್ಲೇ ಉತ್ತರ ಪಡೆಯಿರಿ.