ದೀರ್ಘಕಾಲದ ನೋವು: ಗಾಯ ಮಾಗಿದರೂ ಬಿಡದ ನೋವಿನ ಪರಿಚಯ

ಸೊಂಟ ಹಿಡಿದುಕೊಂಡೇ ವರ್ಷಗಟ್ಟಲೆ ಓಡಾಡುವವರು ಎಲ್ಲ ಬೀದಿಯಲ್ಲೂ ಸಿಗುತ್ತಾರೆ. ಎಕ್ಸ್‌ರೇ ಆಗಿರುತ್ತದೆ, ಎಂಆರ್‌ಐ ಆಗಿರುತ್ತದೆ, ಮಾತ್ರೆ, ಮುಲಾಮು, ಬೆಲ್ಟು ಎಲ್ಲ ಮುಗಿದಿರುತ್ತದೆ. ನೋವು ಮಾತ್ರ ಹಾಗೇ ಇರುತ್ತದೆ. ಇಂಥದ್ದನ್ನು ವೈದ್ಯರು ದೀರ್ಘಕಾಲದ ನೋವು, ಅಂದರೆ ಕ್ರಾನಿಕ್ ಪೇನ್ ಎನ್ನುತ್ತಾರೆ. ಮೂರು ತಿಂಗಳಿಗಿಂತ ಜಾಸ್ತಿ ಉಳಿದ, ಅಥವಾ ಅಷ್ಟು ಕಾಲ ಬಿಟ್ಟು ಬಿಟ್ಟು ಬರುತ್ತಿರುವ ನೋವು ಈ ಹೆಸರಿನ ಕೆಳಗೆ ಬರುತ್ತದೆ.

ಮೂರು ತಿಂಗಳೇ ಯಾಕೆ? ಉಳುಕು, ಹಿಡಿತ, ಸಣ್ಣಪುಟ್ಟ ಪೆಟ್ಟು ಸಾಮಾನ್ಯವಾಗಿ ಅಷ್ಟರೊಳಗೆ ಮಾಗುತ್ತವೆ. ಮಾಗಿದ ಮೇಲೂ ನೋವು ನಿಂತುಬಿಟ್ಟರೆ ಅದನ್ನು ಬೇರೆ ರೀತಿ ನೋಡಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ದೀರ್ಘಕಾಲದ ನೋವಿಗೆ ತನ್ನದೇ ಆದ ಜಾಗ ಸಿಕ್ಕಿದೆ. ಸಂಧಿವಾತ, ಕ್ಯಾನ್ಸರ್, ನರದ ಹಾನಿ ಇವುಗಳಿಂದ ಬರುವ ನೋವಿಗೆ ಬೇರೆ ಬೇರೆ ವಿಭಾಗಗಳಿವೆ. ಬೇರೆ ಯಾವ ಕಾಯಿಲೆಯಿಂದಲೂ ಪೂರ್ತಿ ವಿವರಿಸಲು ಆಗದಿದ್ದರೆ ನೋವೇ ಒಂದು ಕಾಯಿಲೆ ಎಂದು ಅಲ್ಲಿ ಒಪ್ಪಿಕೊಂಡಿದ್ದಾರೆ. "ರಿಪೋರ್ಟಲ್ಲಿ ಏನೂ ಇಲ್ಲ, ಸುಮ್ನೆ ನಾಟಕ" ಎಂಬ ಮಾತು ಕೇಳಿ ಕೇಳಿ ಸಾಕಾದವರಿಗೆ ಇದೆಷ್ಟು ದೊಡ್ಡ ವಿಷಯ ಅಲ್ವಾ?

ನೋವು ಹುಟ್ಟುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಪೆಟ್ಟು ಬಿದ್ದ ಜಾಗದಿಂದ ನರಗಳು ಸುದ್ದಿ ಒಯ್ಯುತ್ತವೆ. ಆ ಸುದ್ದಿ ನೋವಾಗಬೇಕೋ ಬೇಡವೋ, ಆಗುವುದಾದರೆ ಎಷ್ಟಾಗಬೇಕು ಅನ್ನೋದು ಬೆನ್ನುಹುರಿ ಮತ್ತು ಮಿದುಳಲ್ಲಿ ತೀರ್ಮಾನವಾಗುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು 'ಗೇಟ್ ಕಂಟ್ರೋಲ್' ಎಂಬ ಸಿದ್ಧಾಂತ ಮುಂದಿಟ್ಟರು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಡೆಯುವ, ಬಿಡುವ ವ್ಯವಸ್ಥೆ ಇದೆ ಎಂದರು. ಬಾಗಿಲಿಗೆ ಮೊಣಕೈ ತಾಗಿದಾಗ ನಾವು ಉಜ್ಜಿಕೊಳ್ಳುತ್ತೇವೆ, ಸ್ವಲ್ಪ ಹಾಯೆನಿಸುತ್ತದೆ. ಸ್ಪರ್ಶದ ಸುದ್ದಿ ಬಂದು ನೋವಿನ ಸುದ್ದಿಯನ್ನು ತಗ್ಗಿಸುತ್ತದೆ ಎಂದು ಈ ಸಿದ್ಧಾಂತ ವಿವರಿಸುತ್ತದೆ.

1983ರಲ್ಲಿ ಕ್ಲಿಫರ್ಡ್ ವೂಲ್ಫ್ ಇನ್ನೊಂದು ಸಂಗತಿ ತೋರಿಸಿದರು. ಪೆಟ್ಟಾದ ಮೇಲೆ ಬೆನ್ನುಹುರಿಯ ನರಕೋಶಗಳೇ ಅತಿ ಸೂಕ್ಷ್ಮವಾಗಬಹುದು. ಆಗ ಸಣ್ಣ ಒತ್ತಡಕ್ಕೂ ದೊಡ್ಡ ನೋವು ಬರುತ್ತದೆ. ಇದಕ್ಕೆ ಸೆಂಟ್ರಲ್ ಸೆನ್ಸಿಟೈಸೇಶನ್ ಎನ್ನುತ್ತಾರೆ. ಒಮ್ಮೆ ಕಳ್ಳ ನುಗ್ಗಿ ಹೋದ ಮನೆಯ ನಾಯಿ ಆಮೇಲೆ ಹಾಲಿನವನಿಗೂ ಬೊಗಳುತ್ತದಲ್ಲ, ಹಾಗೆ. ಎಲ್ಲರ ದೀರ್ಘಕಾಲದ ನೋವಿಗೂ ಇದೊಂದೇ ಕಾರಣ ಎನ್ನಲಾಗದು. ಆದರೆ ನೋವಿದ್ದ ಮಾತ್ರಕ್ಕೆ ಒಳಗೆ ಏನೋ ಹರಿಯುತ್ತಿದೆ, ಮುರಿಯುತ್ತಿದೆ ಎಂದು ಹೆದರಬೇಕಾಗಿಲ್ಲ. ಹಾಗೆಯೇ, ಈ ನೋವು ಸುಳ್ಳೂ ಅಲ್ಲ. ಪಡುವವರಿಗೆ ಅದು ಪೂರ್ತಿ ನಿಜ.

ಇಲ್ಲಿ ಸ್ಕ್ಯಾನ್ ಬಗ್ಗೆ ಹೇಳಲೇಬೇಕು. "ಎಲ್‌4 ಎಲ್‌5 (ಸೊಂಟದ ಕೆಳಭಾಗದ ಎರಡು ಬೆನ್ನುಮೂಳೆಗಳು) ಹೋಗಿದೆ", "ಗ್ಯಾಪ್ ಬಂದಿದೆ", "ಮೂಳೆ ಸವೆದಿದೆ" ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ಎಷ್ಟೋ ಜನ ಬಗ್ಗುವುದನ್ನೇ ಬಿಡುತ್ತಾರೆ. ಬೆನ್ನುನೋವು ಇಲ್ಲದ ಸುಮಾರು 3,100 ಜನರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ ಒಂದು ವಿಮರ್ಶೆ 2015ರಲ್ಲಿ ಪ್ರಕಟವಾಯಿತು. 20 ವರ್ಷದವರಲ್ಲೇ ಶೇ 37 ಮಂದಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿತ್ತು. 50ರವರಲ್ಲಿ ಶೇ 80, 80ರವರಲ್ಲಿ ಶೇ 96. ಇವರ‍್ಯಾರಿಗೂ ನೋವಿರಲಿಲ್ಲ! ಕೂದಲು ನೆರೆತ ಮೇಲೆ ಡಿಸ್ಕ್ ಮಾತ್ರ ಹೊಸದಾಗಿಯೇ ಇರಬೇಕು ಎಂದು ಯಾಕೆ ಅಂದುಕೊಳ್ಳಬೇಕು? ರಿಪೋರ್ಟಿನ ಸಾಲನ್ನು ರೋಗಿಗೆ ಓದಿ ಹೇಳುವವರು ಈ ಅಂಕಿಯನ್ನೂ ಜೊತೆಗೆ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸ್ಕ್ಯಾನ್ ಬೇಕೇ ಬೇಕಾಗುವ ಸಂದರ್ಭಗಳೂ ಇವೆ. ಬೆನ್ನುನೋವಿನ ಜೊತೆ ಮೂತ್ರ ಕಟ್ಟುವುದು, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಜೋಮು ಹಿಡಿಯುವುದು, ಕಾಲು ಬಲ ಕಳೆದುಕೊಳ್ಳುತ್ತಾ ಹೋಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದ ಮೇಲೆ ಶುರುವಾದ ನೋವು ಇದ್ದರೂ ತಡ ಮಾಡಬಾರದು. ಇಂಥದ್ದೇನೂ ಇಲ್ಲ ಎಂದು ವೈದ್ಯರು ನೋಡಿ ಹೇಳಿದ ಮೇಲೆ ಫಿಸಿಯೋಥೆರಪಿಯ ಕೆಲಸ ಶುರು.

ಫಿಸಿಯೋಥೆರಪಿ ಅಂದರೆ ಕರೆಂಟ್ ಕೊಡೋದು ಎಂದೇ ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಹತ್ತು ಸಿಟ್ಟಿಂಗ್, ಮೆಷಿನ್ ಮುಂದೆ ಮಲಗು, ಎದ್ದು ಮನೆಗೆ ಹೋಗು. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ನೋವಿನ ಬಗ್ಗೆ ತಿಳಿವಳಿಕೆ, ಮಸಾಜಿನಂಥ ಕೆಲವು ಕೈ ಚಿಕಿತ್ಸೆ, ಮನಸ್ಸಿನ ಭಯ ಕಳೆಯುವ ಥೆರಪಿ ಇವು ಅದರಲ್ಲಿ ಸಲಹೆಯಾಗಿ ಬಂದಿವೆ. ಸೊಂಟದ ಬೆಲ್ಟ್, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವುದು), ಅಲ್ಟ್ರಾಸೌಂಡ್ ಚಿಕಿತ್ಸೆ, ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಡುವ ಟೆನ್ಸ್ ಮೆಷಿನ್ ಇವನ್ನು ಮಾಮೂಲಿ ಚಿಕಿತ್ಸೆಯಾಗಿ ಬಳಸಬೇಡಿ ಎಂದಿದೆ. ಒಳ್ಳೆಯ ಫಿಸಿಯೋ ಮೊದಲ ದಿನ ಮೆಷಿನ್ ಆನ್ ಮಾಡುವ ಮುಂಚೆ ಪ್ರಶ್ನೆ ಕೇಳುತ್ತಾರೆ. ಯಾವ ಕೆಲಸ ಬಿಟ್ಟಿದ್ದೀರಿ, ಯಾವುದಕ್ಕೆ ಭಯ, ನಿದ್ದೆ ಹೇಗಿದೆ, ಮನೆಯಲ್ಲಿ ಭಾರ ಎತ್ತುವವರು ಯಾರು. ಆಮೇಲೆ ಬಗ್ಗಿಸಿ, ನಡೆಸಿ, ಕೂರಿಸಿ ನೋಡುತ್ತಾರೆ. ಮನೆಯಲ್ಲಿ ಮಾಡುವ ವ್ಯಾಯಾಮ ಬರೆದುಕೊಡುತ್ತಾರೆ. ನಿಜವಾದ ಚಿಕಿತ್ಸೆ ಆ ಚೀಟಿಯಲ್ಲಿದೆ.

ಚೀಟಿಯಲ್ಲಿ ದೊಡ್ಡದೇನೂ ಇರುವುದಿಲ್ಲ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಅಂಬೆಗಾಲಿಡುವ ಭಂಗಿಯಲ್ಲಿ ಒಂದು ಕೈ, ಎದುರು ಕಾಲು ಚಾಚುವುದು, ನಡಿಗೆ. ಸೊಂಟನೋವಿಗೆ ಇದೊಂದೇ ಸರಿಯಾದ ವ್ಯಾಯಾಮ ಎಂಬುದಿಲ್ಲ, ಬಿಡದೆ ಮಾಡಲು ಆಗುವುದೇ ಒಳ್ಳೆಯದು. ಯೋಗ ಇಷ್ಟವಾದರೆ ಯೋಗ, ಈಜು ಬಂದರೆ ಈಜು. ನಡಿಗೆಗಂತೂ ಗಟ್ಟಿ ಆಧಾರವಿದೆ. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಫಿಸಿಯೋ ಮಾರ್ಗದರ್ಶನದಲ್ಲಿ ಮೆಲ್ಲಗೆ ನಡಿಗೆ ಹೆಚ್ಚಿಸಿಕೊಂಡವರಲ್ಲಿ ನೋವು ಮರಳಲು ಹಿಡಿದ ಕಾಲದ ಮಧ್ಯಾಂಕ (ಮೀಡಿಯನ್, ಅಂದರೆ ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ ಅಂಕಿ) 208 ದಿನ. ಈ ನೆರವು ಇಲ್ಲದವರಲ್ಲಿ 112 ದಿನ.

ಎಲ್ಲಕ್ಕಿಂತ ಜಾಸ್ತಿ ಜನ ಸೋಲುವುದು ಅಳತೆಯಲ್ಲಿ. ಹಬ್ಬದ ಹಿಂದಿನ ವಾರ ನೆನಪಿಸಿಕೊಳ್ಳಿ. ಒಂದು ದಿನ ನೋವು ಕಮ್ಮಿ ಇರುತ್ತದೆ. ಅವತ್ತೇ ಅಟ್ಟ ಇಳಿಸಿ, ಕಂಬಳಿ ಒಗೆದು, ಫ್ಯಾನ್ ಒರೆಸಿ ಮುಗಿಸುತ್ತಾರೆ. ಮರುದಿನ ಏಳಲು ಆಗುವುದಿಲ್ಲ. ಮೂರು ದಿನ ಹಾಸಿಗೆ. ನೋವು ಇಳಿದ ತಕ್ಷಣ ಮತ್ತೆ ಅದೇ ಓಟ. ಹೀಗೆ ತಿಂಗಳು ಕಳೆದರೆ ಒಟ್ಟು ಶಕ್ತಿ ಕುಂದುತ್ತಾ ಹೋಗುತ್ತದೆ, ಕೆಲಸದ ಮೇಲೆ ಭಯ ಬೆಳೆಯುತ್ತದೆ.

ಇದನ್ನು ಮುರಿಯುವ ದಾರಿಗೆ ಪೇಸಿಂಗ್ ಎನ್ನುತ್ತಾರೆ. ನೋವು ಹೇಳಿದಾಗ ನಿಲ್ಲಿಸುವ ಬದಲು ಗಡಿಯಾರ ಹೇಳಿದಾಗ ನಿಲ್ಲಿಸುವುದು. ನೋವು ಜಾಸ್ತಿ ಇರುವ ದಿನವೂ ಅಡುಗೆಮನೆಯಲ್ಲಿ 15 ನಿಮಿಷ ನಿಲ್ಲಲು ಆಗುತ್ತದೆ ಎಂದುಕೊಳ್ಳಿ. ಹಾಗಾದರೆ 12 ನಿಮಿಷಕ್ಕೆ ಕೂತು, ತರಕಾರಿ ಹೆಚ್ಚುವ ಕೆಲಸ ಮಾಡಿ, ಮತ್ತೆ ಏಳುವುದು. ಒಳ್ಳೆಯ ದಿನವೂ ಅಷ್ಟೇ. ಕಷ್ಟ ಇರುವುದು ಇಲ್ಲೇ, ಯಾಕೆಂದರೆ ಮೈ ಹಗುರಾಗಿದ್ದಾಗ ನಿಲ್ಲಿಸಲು ಮನಸ್ಸು ಬರುವುದಿಲ್ಲ. ವಾರ ಹತ್ತು ದಿನ ಸಲೀಸಾಗಿ ನಡೆದ ಮೇಲೆ ಒಂದೆರಡು ನಿಮಿಷ ಸೇರಿಸುವುದು. ವ್ಯಾಯಾಮಕ್ಕೂ ಇದೇ ಲೆಕ್ಕ. ಮಾಡುವಾಗ ಹತ್ತರಲ್ಲಿ ಮೂರು ನಾಲ್ಕರಷ್ಟು ನೋವು ಬಂದು, ಮರುದಿನದೊಳಗೆ ಮೊದಲಿನಂತಾದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮರುದಿನವೂ ಏರಿಯೇ ಇದ್ದರೆ ಅಳತೆ ತಗ್ಗಿಸಬೇಕು.

ಮನೆಯವರ ಪಾತ್ರ ಇದರಲ್ಲಿ ದೊಡ್ಡದು. "ಅಮ್ಮ, ನೀನು ಏನೂ ಮಾಡ್ಬೇಡ, ಮಲ್ಕೋ" ಅನ್ನೋದು ಪ್ರೀತಿಯ ಮಾತೇ. ಆದರೆ ಪೂರ್ತಿ ವಿಶ್ರಾಂತಿಯಲ್ಲಿ ಸ್ನಾಯು ಸೊರಗುತ್ತದೆ. ಅಮ್ಮನ 12 ನಿಮಿಷದ ಕೆಲಸ ಅಮ್ಮನಿಗೇ ಬಿಟ್ಟು, ಗ್ಯಾಸ್ ಸಿಲಿಂಡರ್ ಎಳೆಯುವುದನ್ನು ಮಗ ಮಾಡಲಿ.

ಅಭ್ಯಾಸಗಳಲ್ಲಿ ಮೊದಲು ನಿದ್ದೆ. ನಿದ್ದೆ ಕೆಟ್ಟ ಮರುದಿನ ನೋವು ಏರುತ್ತದೆ, ನೋವು ಏರಿದರೆ ನಿದ್ದೆ ಕೆಡುತ್ತದೆ. ದಿನವೂ ಒಂದೇ ಹೊತ್ತಿಗೆ ಏಳುವುದು, ಸಂಜೆ ಮೇಲೆ ಕಾಫಿ ಬಿಡುವುದು, ಮಧ್ಯಾಹ್ನದ ನಿದ್ದೆ ಚಿಕ್ಕದು ಮಾಡುವುದರಿಂದ ಶುರು ಮಾಡಬಹುದು. ಬೀಡಿ ಸಿಗರೇಟು ಸೇದುವವರಲ್ಲಿ ಬೆನ್ನುನೋವು ಜಾಸ್ತಿ ಕಾಣುತ್ತದೆ. ಒಂದೇ ಕಡೆ ತುಂಬಾ ಹೊತ್ತು ಕೂರುವುದೂ ಬೇಡ. ಕಂಪ್ಯೂಟರ್ ಮುಂದಿರಲಿ, ಹೊಲಿಗೆ ಮೆಷಿನ್ ಮುಂದಿರಲಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಇನ್ನು ಮೆಡಿಕಲ್ ಶಾಪಿನಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ ಮಾಡಬಹುದು. ಬಿಪಿ, ಶುಗರ್ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಇಷ್ಟೆಲ್ಲ ಮಾಡುತ್ತಿದ್ದರೂ ನೋವು ಒಮ್ಮೊಮ್ಮೆ ಮತ್ತೆ ಭುಗಿಲೇಳುತ್ತದೆ. ದೂರದ ಬಸ್ ಪ್ರಯಾಣ, ಜ್ವರ, ಮನೆಯಲ್ಲೊಂದು ಚಿಂತೆ, ಇಷ್ಟು ಸಾಕು. ಆಗ ಎರಡು ಮೂರು ದಿನ ವ್ಯಾಯಾಮವನ್ನೂ ನಡಿಗೆಯನ್ನೂ ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಹಿತವೆನಿಸಿದರೆ ಬಿಸಿನೀರಿನ ಶಾಖ ಕೊಡಿ. ನೋವು ತಗ್ಗಿದ ಮೇಲೆ ಒಂದೇ ಸಲ ಹಳೆಯ ಅಳತೆಗೆ ಹಾರದೆ, ಒಂದು ವಾರದಲ್ಲಿ ಹಂತ ಹಂತವಾಗಿ ಅಲ್ಲಿಗೆ ಬನ್ನಿ. ಎರಡು ಮೂರು ವಾರವಾದರೂ ಇಳಿಯದಿದ್ದರೆ, ಅಥವಾ ನೋವಿನ ಸ್ವರೂಪವೇ ಬದಲಾದರೆ, ಚೀಟಿ ಹಿಡಿದು ಫಿಸಿಯೋ ಹತ್ತಿರ ಮತ್ತೊಮ್ಮೆ ಹೋಗಿ ತೋರಿಸಿ.